ಕ್ಯಾಮೆರಾ ಹಳೆಯದಾಯಿತೆ?

ಬಸದಿಗಳ ಆಡಳಿತ ಮಂಡಳಿಗಳ ಸಭೆಗಳಲ್ಲಿ ಜೀರ್ಣೋದ್ಧಾರ, ಪಂಚಕಲ್ಯಾಣ, ವಿದ್ಯಾರ್ಥಿವೇತನಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವಿಷಯವೂ ಕಾರ್ಯಸೂಚಿಯೊಳಗೆ ಸೇರಿಕೊಂಡಿದೆ. ಅದು ಟ್ರಸ್ಟಿನ ಕ್ಯಾಮೆರಾ. ನಾನು ಸದಸ್ಯನಾಗಿರುವ ಒಂದು ಟ್ರಸ್ಟಿನ ಕಳೆದ ಸಭೆಯ ಮುಂದೆ ಬಂದ ಠರಾವಿನ ಸಾರಾಂಶ ಇಷ್ಟು: 2013ರಲ್ಲಿ ಶಾಸ್ತ್ರದಾನದ ಲೆಕ್ಕದಿಂದ ಕೊಂಡ ಕ್ಯಾನನ್ 5ಡಿ ಮಾರ್ಕ್ 3 ಕ್ಯಾಮೆರಾವನ್ನು ಬಂದ ಬೆಲೆಗೆ ಮಾರಿ, 2024ರಲ್ಲಿ ಹೊರಬಂದ ಇಒಎಸ್ ಆರ್5 ಮಾರ್ಕ್ 2 ಎಂಬ ಮಿರರ್‌ಲೆಸ್ ಮಾದರಿಯನ್ನು ಕೊಳ್ಳತಕ್ಕದ್ದು. ಕ್ಯಾಮೆರಾ, ಅದಕ್ಕೆ ಬೇಕಾದ ಹೊಸ ಬಗೆಯ ಕಾರ್ಡುಗಳು, ಹಳೆಯ ಲೆನ್ಸುಗಳನ್ನು ಜೋಡಿಸುವ ಅಡಾಪ್ಟರು ಎಲ್ಲ ಸೇರಿ ನಾಲ್ಕೂವರೆ ಲಕ್ಷ ರೂಪಾಯಿಗಳ ಅಂದಾಜು ಪತ್ರವನ್ನೂ ಲಗತ್ತಿಸಲಾಗಿತ್ತು. ಕಾರಣವನ್ನು ಕಾಣಿಸಬೇಕಾದ ಜಾಗದಲ್ಲಿ ಇದ್ದುದು ಎರಡೇ ಪದ: ಹೊಸ ಸೌಲಭ್ಯಗಳಿಗಾಗಿ.

ಹನ್ನೊಂದು ಮಂದಿಯ ಸಭೆಯಲ್ಲಿ ವಿರೋಧಿಸಿದವನು ನಾನೊಬ್ಬನೇ. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಹೊರಬರುವಾಗ ಹಿರಿಯರೊಬ್ಬರು ನಗುತ್ತಾ, "ನಿಮಗೇಕೆ ಸ್ವಾಮಿ, ಹುಡುಗರ ಉತ್ಸಾಹಕ್ಕೆ ಅಡ್ಡಬರುತ್ತೀರಿ?" ಎಂದರು. ಉತ್ಸಾಹಕ್ಕೆ ನಾನು ಅಡ್ಡಬಂದಿಲ್ಲ. ಆ ಉತ್ಸಾಹ ಅಂಗಡಿಯ ಕಡೆಗೆ ಹರಿಯುತ್ತಿದೆ, ಕಲ್ಲಿನ ಕಡೆಗೆ ಹರಿಯುತ್ತಿಲ್ಲ ಎಂಬುದೇ ನನ್ನ ತಕರಾರು. ಇಂಥ ಠರಾವು ನಮ್ಮೊಂದು ಟ್ರಸ್ಟಿಗೆ ಮಾತ್ರ ಬಂದದ್ದಲ್ಲವಾದ್ದರಿಂದ ಸಮಾಜಬಾಂಧವರ ಮುಂದೆ ಅದನ್ನು ಬಿಡಿಸಿ ಹೇಳಬೇಕೆನಿಸಿತು.

ಈ ಬೇಡಿಕೆ ಹುಟ್ಟಿದ್ದು ಶಿವಗಂಗೆಯ ಪ್ರವಾಸದಲ್ಲಿ. ನೆಲಮಂಗಲ ತಾಲ್ಲೂಕಿನ ಆ ಬೆಟ್ಟ ಶೈವರ ಪುಣ್ಯಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತ. ಗವಿ ಗಂಗಾಧರೇಶ್ವರ, ಒಳಕಲ್ಲು ತೀರ್ಥ, ನೆತ್ತಿಯ ಮೇಲಿನ ನಂದಿ ಇವನ್ನು ಕಾಣಲು ಜನ ಹತ್ತುತ್ತಾರೆ. ನಮಗೆ ಆ ಬೆಟ್ಟದೊಡನೆ ಇನ್ನೊಂದು ನಂಟುಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ, 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲದೇವಿ ದೇಹವಿಟ್ಟದ್ದು 1131ರಲ್ಲಿ, ಈ ಶಿವಗಂಗೆಯಲ್ಲಿ. ಮಗಳ ಮರಣಾನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸಲ್ಲೇಖನ ವ್ರತವನ್ನು ಕೈಗೊಂಡಳು.

ಇದು ನಮಗೆ ಹೇಗೆ ತಿಳಿಯಿತು? ಬೆಳಗೊಳದ ಒಂದು ಕಲ್ಲಿನಿಂದ. ಆ ಕಲ್ಲಿನ ಬರಹ ನಮ್ಮ ಕೈಗೆ ಬಂದದ್ದು 1889ರಲ್ಲಿ ಬಿ. ಎಲ್. ರೈಸ್ ಅವರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟಗಳಿಂದ. ಅವರ ಕಾಲದಲ್ಲಿ ಒದ್ದೆ ಕಾಗದವನ್ನು ಕಲ್ಲಿನ ಮೈಗೆ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿ ತೆಗೆದ ಪಡಿಯಚ್ಚುಗಳೇ ಸಾಧನ. ಇಂದು ಬೆಟ್ಟದ ಮೇಲೆ ರಾಣಿ ಧುಮುಕಿದ ಜಾಗವೆಂದು ತೋರಿಸುವ ಪ್ರಪಾತವೊಂದಿದೆ; ಅಲ್ಲಿ ನಿಂತು ದಿನವೂ ಸಾವಿರಾರು ಚಿತ್ರಗಳನ್ನು ತೆಗೆಯುತ್ತಾರೆ. ಆಕೆ ಧುಮುಕಿದಳೆಂಬ ಮಾತು ಶಾಸನದಲ್ಲಿಲ್ಲ. ಕಾಗದ, ಕುಂಚಗಳನ್ನು ಹಿಡಿದವರು ಶಾಂತಲೆಯ ವಿಷಯದಲ್ಲಿ ನಮಗೆ ಕೊಟ್ಟದ್ದನ್ನು ಆ ಸಾವಿರಾರು ಚಿತ್ರಗಳಲ್ಲಿ ಒಂದೂ ಕೊಟ್ಟಿಲ್ಲ.

ಪ್ರವಾಸದ ದಿನ ನಮ್ಮ ಜೊತೆ ಟ್ರಸ್ಟಿನ ಕ್ಯಾಮೆರಾ ಹಿಡಿದು ಬಂದಿದ್ದವನು ಕಾರ್ಯದರ್ಶಿಗಳ ಮಗ. ಬುದ್ಧಿವಂತ, ಶ್ರಮಜೀವಿ, ಅವನ ಮೇಲೆ ನನಗೆ ಅಭಿಮಾನವಿದೆ. ಬೆಟ್ಟವಿಳಿದು ಹಿಂದಿರುಗುವ ದಾರಿಯಲ್ಲಿ ಒಂದು ಕೆರೆಯ ಏರಿಯ ಪಕ್ಕದಲ್ಲಿ ಅಂಗಾತ ಬಿದ್ದಿರುವ ಕಲ್ಲೊಂದನ್ನು ಊರವರು ತೋರಿಸಿದರು. ಆಗ ಮಧ್ಯಾಹ್ನ ಒಂದು ಗಂಟೆ. ಹುಡುಗ ಇಪ್ಪತ್ತು ಮೂವತ್ತು ಚಿತ್ರ ತೆಗೆದ. ಹಿಂಬದಿಯ ಪರದೆಯಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಬೂದುಬಣ್ಣದ ಹಾಸುಗಲ್ಲೇ ಹೊರತು ಅಕ್ಷರವೆಂಬುದು ಇಲ್ಲ. "ದೊಡ್ಡಪ್ಪ, ಕ್ಯಾಮೆರಾ ತೀರಾ ಹಳೆಯದಾಯಿತು. ಹೊಸದರಲ್ಲಾಗಿದ್ದರೆ ಕಾಣುತ್ತಿತ್ತು" ಎಂದ. ಜೊತೆಗಿದ್ದ ಇಬ್ಬರು ಟ್ರಸ್ಟಿಗಳು ತಲೆದೂಗಿದರು. ಠರಾವಿನ ಬೀಜ ಬಿದ್ದದ್ದು ಆ ಗಳಿಗೆಯಲ್ಲಿ.

ನಾನು ಅವನನ್ನು ಸಂಜೆಯವರೆಗೆ ನಿಲ್ಲಿಸಿಕೊಂಡೆ. ಉಳಿದವರು ಗೊಣಗುತ್ತಲೇ ಊರಿನ ಕಟ್ಟೆಯ ಮೇಲೆ ಕುಳಿತರು. ಐದೂವರೆಯ ಹೊತ್ತಿಗೆ ಬಿಸಿಲು ಏರಿಯ ಮೇಲಿನಿಂದ ಕಲ್ಲಿನ ಮೈಯನ್ನು ಸವರಿಕೊಂಡು ಹಾಯುವಂತಾದಾಗ, ಅದೇ ಕ್ಯಾಮೆರಾ, ಅದೇ ಲೆನ್ಸು, ಅದೇ ಹುಡುಗ. ಸಾಲುಗಳೇ ಇಲ್ಲವೆಂದುಕೊಂಡಿದ್ದ ಕಲ್ಲಿನಲ್ಲಿ ಏಳು ಸಾಲು ಎಣಿಸಿದೆವು. ಕೊರೆದ ಅಕ್ಷರವೆಂದರೆ ಒಂದು ಹಳ್ಳ. ಬೆಳಕು ನೇರವಾಗಿ ಮೇಲಿನಿಂದ ಬಿದ್ದರೆ ಹಳ್ಳಕ್ಕೂ ದಿಣ್ಣೆಗೂ ವ್ಯತ್ಯಾಸ ತಿಳಿಯದು. ಓರೆಯಾಗಿ ಬಿದ್ದರೆ ಹಳ್ಳದಲ್ಲಿ ನೆರಳು ನಿಲ್ಲುತ್ತದೆ, ಆ ನೆರಳನ್ನೇ ನಾವು ಓದುವುದು. ನೆಟ್ಟಗೆ ನಿಂತ ಕಲ್ಲಿಗಾದರೆ ಕೆಲವೊಮ್ಮೆ ಮಧ್ಯಾಹ್ನದ ಮೇಲುಬಿಸಿಲೇ ಒದಗುತ್ತದೆ. ಬಿಸಿಲೇ ಬೀಳದ ಮುಖವಿದ್ದರೆ ಕನ್ನಡಿಯಿಂದ ಬೆಳಕನ್ನು ತಿರುಗಿಸಬಹುದು, ಇಲ್ಲವೇ ಕತ್ತಲಾದ ಮೇಲೆ ದೀಪವನ್ನು ಪಕ್ಕದಿಂದ ಹಿಡಿಯಬಹುದು. ಶಾಸನತಜ್ಞರಿಗೆ ಇದು ಹಳೆಯ ಪಾಠ. ಈ ಪಾಠ ಯಾವ ಕ್ಯಾಮೆರಾದ ಪೆಟ್ಟಿಗೆಯಲ್ಲೂ ಬರುವುದಿಲ್ಲ. (ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವ, ಕಲ್ಲಿಗೆ ಬಣ್ಣ ಬಳಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದರಿಂದ ಕಲ್ಲೂ ಕೆಡುತ್ತದೆ, ಓದೂ ಕೆಡುತ್ತದೆ.)

ಇನ್ನು ಹೊಸ ಸೌಲಭ್ಯಗಳನ್ನೇ ಪರಿಶೀಲಿಸೋಣ. ಮೊದಲನೆಯದು ಮೆಗಾಪಿಕ್ಸೆಲ್. ನಮ್ಮಲ್ಲಿರುವುದು 22, ಹೊಸದರಲ್ಲಿ 45. ಅಂದರೆ ಎರಡು ಪಟ್ಟು ಎಂದು ಸಭೆಯಲ್ಲಿ ಹೇಳಲಾಯಿತು. ಇದು ಅರ್ಧ ಸತ್ಯ. ಆ ಲೆಕ್ಕ ವಿಸ್ತೀರ್ಣದ್ದು. ಅಕ್ಷರದ ಗೆರೆ ಎಷ್ಟು ಸೂಕ್ಷ್ಮವಾಗಿ ಮೂಡುತ್ತದೆಂಬುದು ಉದ್ದದ ಲೆಕ್ಕ. ಹಳೆಯದರ ಚಿತ್ರದ ಉದ್ದ 5760 ಚುಕ್ಕೆ, ಹೊಸದರದು 8192. ಹೆಚ್ಚಳ ಶೇಕಡಾ 42 ಮಾತ್ರ. ಅದೂ ಟ್ರೈಪಾಡ್ ಅಲುಗದೆ, ಲೆನ್ಸು ಉತ್ತಮವಾಗಿದ್ದು, ಫೋಕಸ್ ಕರಾರುವಾಕ್ಕಾಗಿದ್ದಾಗ ದಕ್ಕುವ ಹೆಚ್ಚಳ. ಉಬ್ಬುತಗ್ಗಿನ ಕಲ್ಲು ಪೂರ್ತಿ ಸ್ಪಷ್ಟವಾಗಿ ಬರಲೆಂದು ಲೆನ್ಸಿನ ಕಂಡಿಯನ್ನು ಕಿರಿದುಮಾಡಿದಷ್ಟೂ ಬೆಳಕು ಅಂಚಿನಲ್ಲಿ ಬಾಗಿ ಚಿತ್ರ ಮಸುಕಾಗುವುದರಿಂದ ಅದರಲ್ಲೂ ಒಂದು ಪಾಲು ಕಳೆದುಹೋಗುತ್ತದೆ.

ಈಗಿರುವ 5760 ಚುಕ್ಕೆಗಳು ನಮಗೆ ಸಾಲವೇ? ಒಂದೂವರೆ ಅಡಿ ಉದ್ದದ ತಾಳೆಗರಿಯೊಂದನ್ನು ಚೌಕಟ್ಟಿನ ತುಂಬ ತೆಗೆದರೆ ಅಂಗುಲಕ್ಕೆ 320 ಚುಕ್ಕೆಗಳಾಗುತ್ತವೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಸಾಕೆಂಬುದು ಮುದ್ರಣಾಲಯಗಳ ವಾಡಿಕೆ. ನಾವು ಪ್ರಕಟಿಸುವ ಸ್ಮರಣ ಸಂಚಿಕೆಯ ಪೂರ್ಣಪುಟದ ಚಿತ್ರಕ್ಕೆ ಒಂಬತ್ತು ಮೆಗಾಪಿಕ್ಸೆಲ್ ಕೂಡ ಬೇಕಾಗುವುದಿಲ್ಲ. ಆಳೆತ್ತರದ ಕಲ್ಲಾದರೆ ಅದನ್ನು ನಾಲ್ಕೈದು ಭಾಗಗಳಾಗಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರೆ ಹೊಸ ಕ್ಯಾಮೆರಾದ ಒಂದು ಚಿತ್ರಕ್ಕಿಂತ ಹೆಚ್ಚಿನ ವಿವರ ಹಳೆಯದರಿಂದಲೇ ಸಿಗುತ್ತದೆ. ಕಲ್ಲಿಗೆ ಅವಸರವಿಲ್ಲ. ಅವಸರವಿರುವುದು ನಮಗೆ.

ಎರಡನೆಯದು ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಸೌಲಭ್ಯ. ಮನುಷ್ಯರದಷ್ಟೇ ಅಲ್ಲ, ನಾಯಿ, ಬೆಕ್ಕು, ಹಕ್ಕಿಗಳ ಕಣ್ಣನ್ನೂ ಅದು ಹಿಡಿಯುತ್ತದೆ. ಛಾಯಾಗ್ರಾಹಕ ಎತ್ತ ನೋಡುತ್ತಾನೆಂಬುದನ್ನು ಗ್ರಹಿಸಿ ಅತ್ತ ಫೋಕಸ್ ಒಯ್ಯುವ ಏರ್ಪಾಡೂ ಉಂಟು. ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಹಳೆಯದು ತೆಗೆಯುವುದು ಆರು. ಮದುವೆ ಮನೆಯ ವೃತ್ತಿಪರ ಛಾಯಾಗ್ರಾಹಕನಿಗೆ, ಹಕ್ಕಿಗಳ ಬೆನ್ನುಹತ್ತುವವನಿಗೆ, ಆಟದ ಮೈದಾನದಲ್ಲಿ ನಿಂತವನಿಗೆ ಇವು ನಿಜವಾದ ಉಪಕಾರಗಳು. ಅವರು ಕೊಂಡರೆ ನನ್ನ ಆಕ್ಷೇಪವಿಲ್ಲ, ಅದು ಅವರ ಅನ್ನದ ಸಾಧನ. ಆದರೆ ನಿಷಿಧಿಗಲ್ಲು ಓಡಿಹೋಗುವುದಿಲ್ಲ. ತೀರ್ಥಂಕರರ ಬಿಂಬವೂ ಅಲುಗುವುದಿಲ್ಲ. ಕೈನಡುಕವನ್ನು ಸರಿಪಡಿಸುವ ಏರ್ಪಾಡು ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಂತಾಗ ನಿರುಪಯೋಗಿ. 8ಕೆ ವಿಡಿಯೊ ಎಂದರು. ನಮ್ಮ ಸಮಾಜದ ಎಷ್ಟು ಮನೆಗಳಲ್ಲಿ ಅದನ್ನು ತೋರಿಸಬಲ್ಲ ಪರದೆಯಿದೆಯೆಂದು ಕೇಳಿದೆ, ಉತ್ತರ ಬರಲಿಲ್ಲ. ಬೆಟ್ಟಕ್ಕೆ ಒಯ್ಯಲು ಹಗುರವೆಂಬ ಮಾತೂ ಬಂತು. ಕ್ಯಾಮೆರಾ ನೂರಿನ್ನೂರು ಗ್ರಾಂ ಹಗುರ ನಿಜ, ಹಳೆಯ ಲೆನ್ಸುಗಳ ಭಾರ ಹಾಗೆಯೇ ಉಳಿಯುತ್ತದೆ. ಜೊತೆಗೆ, ಒಂದು ಬ್ಯಾಟರಿಯಲ್ಲಿ ಹಳೆಯದು ತಯಾರಕರ ಲೆಕ್ಕದಂತೆ 950 ಚಿತ್ರ ಕೊಟ್ಟರೆ, ಒಳಗಿನ ಪರದೆಯನ್ನೇ ನೋಡಿ ತೆಗೆಯುವ ಹೊಸದು ಅದರ ಮೂರನೆಯ ಒಂದು ಪಾಲಿನ ಆಸುಪಾಸು ಕೊಡುತ್ತದೆ. ಎರಡು ಮೂರು ಬ್ಯಾಟರಿ ಹೆಚ್ಚಿಗೆ ಹೊತ್ತರೆ ಹಗುರವೆಂಬುದು ಎಲ್ಲಿ ಉಳಿಯಿತು?

ಕತ್ತಲೆಯ ಗರ್ಭಗುಡಿಯಲ್ಲಿ, ಅಭಿಷೇಕದ ವೇಳೆಯಲ್ಲಿ, ಟ್ರೈಪಾಡ್ ಇಡಲು ಜಾಗವಿಲ್ಲದ ಜನಸಂದಣಿಯಲ್ಲಿ ಹೊಸ ಕ್ಯಾಮೆರಾ ಹಳೆಯದನ್ನು ನಿಶ್ಚಯವಾಗಿ ಮೀರಿಸುತ್ತದೆ. ಇದನ್ನು ಒಪ್ಪದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಆದರೆ ಅಂಥ ಸಂದರ್ಭ ವರ್ಷಕ್ಕೆ ಎಷ್ಟು ದಿನ? ಬೆಂಗಳೂರಿನಲ್ಲಿ ಇಂಥ ಕ್ಯಾಮೆರಾಗಳು ದಿನಬಾಡಿಗೆಗೆ ದೊರೆಯುತ್ತವೆ. ಪಂಚಕಲ್ಯಾಣದ ಐದು ದಿನಕ್ಕೆ ಚಪ್ಪರವನ್ನು ಬಾಡಿಗೆಗೆ ತರುವ ನಾವು ಕ್ಯಾಮೆರಾವನ್ನು ಮಾತ್ರ ಕೊಂಡೇ ತೀರಬೇಕೆನ್ನುವುದೇಕೆ? ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆದದ್ದು 2006ರಲ್ಲಿ, ಆಮೇಲೆ 2018ರಲ್ಲಿ. ಆ ಎರಡರ ನಡುವೆ ಈ ಒಂದೇ ಸರಣಿಯಲ್ಲಿ 2008, 2012, 2016 ಎಂದು ಮೂರು ಮಾದರಿಗಳು ಬಂದುಹೋದವು. ಹನ್ನೆರಡು ವರ್ಷಗಳ ಲೆಕ್ಕದಂತೆ ಮುಂದಿನ ಅಭಿಷೇಕ 2030ಕ್ಕೆ. ಅಷ್ಟರಲ್ಲಿ ಇಂದಿನ ಹೊಸದೂ ಹಳೆಯದೆನಿಸಿ ಇನ್ನೊಂದು ಠರಾವು ಬರುವುದರಲ್ಲಿ ನನಗೆ ಸಂದೇಹವಿಲ್ಲ.

ಇಷ್ಟರವರೆಗೆ ಲೆಕ್ಕದ ಮಾತು. ಇನ್ನು ಮೇಲಿನದು ನೋವಿನ ಮಾತು.

ಕೆಲವು ವರ್ಷಗಳ ಹಿಂದೆ ನಮ್ಮ ಸಮಾಜದ ಒಂದು ಮನೆಯ ಅಟ್ಟದಲ್ಲಿದ್ದ ತಾಳೆಗರಿಯ ಕಟ್ಟನ್ನು ಇದೇ ಕ್ಯಾಮೆರಾದಿಂದ ಚಿತ್ರಿಸಲಾಯಿತು. ಎರಡು ದಿನಗಳ ಕೆಲಸ. ಚಿತ್ರಗಳು ಚೆನ್ನಾಗಿಯೇ ಬಂದಿದ್ದವೆಂದು ನೋಡಿದವನಾಗಿ ಹೇಳಬಲ್ಲೆ. ಅವುಗಳನ್ನು ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟು ಕಪಾಟಿಗೆ ಬೀಗ ಹಾಕಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಟ್ಟಕ್ಕೆ ಗೆದ್ದಲು ಹತ್ತಿ ಗರಿಗಳು ಮಣ್ಣಾದವು. ಚಿತ್ರಗಳಾದರೂ ಇವೆಯಲ್ಲ ಎಂದು ಸಮಾಧಾನಪಟ್ಟು ಡಿಸ್ಕನ್ನು ಹೊರತೆಗೆದರೆ ಅದು ತಿರುಗಲೇ ಇಲ್ಲ. ದುರಸ್ತಿಯವರು ಕೈಚೆಲ್ಲಿದರು. ಆ ಗ್ರಂಥ ಯಾವುದೆಂದು ಓದಿಸಿಯೂ ಇರಲಿಲ್ಲ. ಆ ಮನೆಯ ಹಿರಿಯ ತಾಯಿ ನನ್ನನ್ನು ಕಂಡಾಗಲೆಲ್ಲ, "ನಮ್ಮ ಗರಿಗಳ ಪುಸ್ತಕ ಯಾವಾಗ ಬರುತ್ತದೆ?" ಎಂದು ಕೇಳುತ್ತಿದ್ದರು. ನಾನು ಆ ಬೀದಿಯಲ್ಲಿ ಹೋಗುವುದನ್ನೇ ಕಡಿಮೆ ಮಾಡಿದೆ.

ಈ ನಷ್ಟಕ್ಕೆ ಕಾರಣ ಕ್ಯಾಮೆರಾ ಹಳೆಯದಾದದ್ದೆ? ಇನ್ನೆರಡು ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇಟ್ಟಿದ್ದರೆ ಆಗುತ್ತಿದ್ದ ಖರ್ಚು ಹತ್ತಿಪ್ಪತ್ತು ಸಾವಿರ ರೂಪಾಯಿ. ಉಳಿದ ಡಿಸ್ಕುಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಸಾವಿರಾರು ಚಿತ್ರಗಳಿವೆ. ಹೆಸರುಗಳೆಲ್ಲ ಕ್ಯಾಮೆರಾ ತಾನೇ ಇಟ್ಟವು; ಐಎಂಜಿ 0412, ಐಎಂಜಿ 0413 ಹೀಗೆ. ಯಾವ ಊರು, ಯಾವ ಬಸದಿ, ಕಲ್ಲಿನ ಅಳತೆ ಎಷ್ಟು, ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ಬರೆದಿಟ್ಟ ಚಿತ್ರಗಳು ಬೆರಳೆಣಿಕೆಯಷ್ಟು. ಇದೇ ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಮಾನ್ಯಪುರ. ಅಲ್ಲಿ ಗಂಗರ ದಂಡನಾಯಕ ಶ್ರೀವಿಜಯ ಕಟ್ಟಿಸಿದ ಜಿನಾಲಯಕ್ಕೆ 797ರಲ್ಲಿ ದತ್ತಿ ಬಿಟ್ಟ ತಾಮ್ರಶಾಸನದ ಪಾಠವನ್ನು ನೋಡಬೇಕೆಂದರೆ ಇಂದಿಗೂ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ತೆರೆಯಬಹುದು. ಅದು ಅಚ್ಚಾದದ್ದು 1905ರಲ್ಲಿ. ಅದರಲ್ಲಿ ತಾಲ್ಲೂಕು, ಕ್ರಮಸಂಖ್ಯೆ, ಊರು ಎಲ್ಲವೂ ಇವೆ. ನಾವು ಹತ್ತು ವರ್ಷಗಳ ಹಿಂದೆ ತೆಗೆದ ಚಿತ್ರ ಎಲ್ಲಿಯದೆಂದು ತೆಗೆದವರಿಗೇ ನೆನಪಿಲ್ಲ. ಹೊಸ ಕ್ಯಾಮೆರಾ ಬಂದರೆ ಪ್ರತಿ ಚಿತ್ರದ ಕಡತ ಹತ್ತಿರ ಹತ್ತಿರ ಎರಡರಷ್ಟು ದೊಡ್ಡದಾಗುತ್ತದೆ, ಸೆಕೆಂಡಿಗೆ ಮೂವತ್ತರಂತೆ ರಾಶಿ ಬೀಳುತ್ತದೆ. ಹೆಸರಿಲ್ಲದ ರಾಶಿ ಬೆಳೆಯುತ್ತದೆ, ಅಷ್ಟೇ.

ಈ ಕ್ಯಾಮೆರಾವನ್ನು ಕೊಂಡದ್ದು ಶಾಸ್ತ್ರದಾನದ ಲೆಕ್ಕದಿಂದ ಎಂದೆನಷ್ಟೆ. ಶಾಸ್ತ್ರದಾನವೆಂದರೆ ನಮಗೆ ಮೊದಲು ನೆನಪಾಗಬೇಕಾದವಳು ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಲಿಪಿಕಾರರ ಕೈಯಲ್ಲಿದ್ದ ಕಂಟ ಎಂಥದೆಂದು ಯಾರೂ ದಾಖಲಿಸಿಲ್ಲ. ಪ್ರತಿಗಳು ಎಷ್ಟೆಂಬುದು ದಾಖಲಾಗಿದೆ. ನಮ್ಮ ಕ್ಯಾಮೆರಾ ಬಂದು ಇಷ್ಟು ವರ್ಷಗಳಾದವು. ಅದರಿಂದ ತೆಗೆದ ಒಂದಾದರೂ ಶಾಸನದ ಪಾಠವನ್ನು, ಒಂದಾದರೂ ಗರಿಯ ಪ್ರತಿಯನ್ನು ನಾವು ಹಂಚಿದ್ದೇವೆಯೆ?

ಇಲ್ಲಿ ಅಪರಿಗ್ರಹದ ಮಾತನ್ನು ಎತ್ತದೆ ಇರಲಾಗದು. ಆದರೆ ಎಚ್ಚರದಿಂದ ಎತ್ತುತ್ತೇನೆ. ನಮ್ಮಲ್ಲಿ ಕೆಲವರು ಜಿಪುಣತನಕ್ಕೆ ಅಪರಿಗ್ರಹವೆಂಬ ಹೊದಿಕೆ ಹೊದಿಸುತ್ತಾರೆ. ಗ್ರಂಥಾಲಯಕ್ಕೆ ಒಂದು ಕಪಾಟು ಕೇಳಿದರೂ ವ್ರತದ ನೆನಪು ಮಾಡುತ್ತಾರೆ. ನಾನು ಆ ಗುಂಪಿನವನಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದು ಗುರುತಿಸಿದ್ದು ವಸ್ತುವಿಗಿಂತ ಅದರ ಮೇಲಿನ ಮೂರ್ಛೆಯನ್ನು. ಕೆಲಸಕ್ಕೆ ಬೇಕಾದ ಸಾಧನ ಪರಿಗ್ರಹವಲ್ಲ. ಇರುವ ಸಾಧನದ ಶಕ್ತಿಯ ಕಾಲುಭಾಗವನ್ನೂ ಬಳಸದೆ ಇನ್ನೊಂದರ ಕಡೆ ಹೊರಳುವ ಮನಸ್ಸು ಮೂರ್ಛೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಯನ್ನು ಬಿಡಬೇಕೆಂಬ ಅನರ್ಥದಂಡ ವಿರತಿಯೂ ಶ್ರಾವಕರ ಗುಣವ್ರತಗಳಲ್ಲೊಂದು. ಪ್ರತಿಯೊಂದು ಹೊಸ ಯಂತ್ರದ ಹಿಂದೆ ಗಣಿಯುಂಟು, ಲೋಹವುಂಟು, ಕೊನೆಗೆ ಎಸೆಯುವ ಬ್ಯಾಟರಿಯುಂಟು.

ನಾನು ಎಲ್ಲ ಬದಲಾವಣೆಗಳ ವಿರೋಧಿಯೆಂದು ತಿಳಿಯುವವರಿಗೆ ಒಂದು ಮಾತು. ಫಿಲ್ಮನ್ನು ಬಿಟ್ಟು ಡಿಜಿಟಲ್ಲಿಗೆ ಬರುವ ಪ್ರಶ್ನೆ ಬಂದಾಗ ನಾನೇ ಮುಂದಾಗಿ ಕೈಯೆತ್ತಿದ್ದೆ. ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಲವಣಗಳನ್ನು ಹಿಡಿದಿಡುತ್ತಿದ್ದುದು ಜೆಲಟಿನ್. ಅದನ್ನು ತೆಗೆಯುವುದು ಪ್ರಾಣಿಗಳ ಮೂಳೆ, ಚರ್ಮಗಳಿಂದ. ಜಿನಬಿಂಬದ ಚಿತ್ರವನ್ನು ನಾವು ಎಷ್ಟೋ ದಶಕ ಅದರ ಮೇಲೆಯೇ ತೆಗೆದೆವು. ಆ ಬದಲಾವಣೆಗೆ ಕಾರಣವಿತ್ತು. ಈಗಿನದಕ್ಕೆ ಅಂಥ ಕಾರಣವನ್ನು ಯಾರಾದರೂ ತೋರಿಸಲಿ.

ಬೆಂಗಳೂರಿನ ಮಿಥಿಕ್ ಸೊಸೈಟಿಯ ಉದಾಹರಣೆಯನ್ನು ನನ್ನ ವಿರುದ್ಧ ಬಳಸಬಹುದು. ಅವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಿಂದ ದಾಖಲಿಸುತ್ತಿದ್ದಾರೆ; ಯಂತ್ರ ದುಬಾರಿಯದೇ. ಆದರೆ ಅವರು ಕೆಲಸವನ್ನು ನಿಶ್ಚಯಿಸಿಕೊಂಡು ಯಂತ್ರವನ್ನು ಆರಿಸಿದವರು. ನಾವು ಯಂತ್ರ ಕೊಂಡ ಮೇಲೆ ಕೆಲಸ ಹುಡುಕುವವರು. ಸವೆದ ಕಲ್ಲುಗಳ ಓದಿಗೆ ಅಂಥವರ ನೆರವನ್ನು ಬೇಡುವುದರಲ್ಲಿ ಅವಮಾನವಿಲ್ಲ. ಅದಕ್ಕಿಂತ ಸುಲಭದ ದಾರಿಯೂ ಒಂದಿದೆ: ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಬೇರೆ ಬೇರೆ ಕೋನಗಳಿಂದ ಹಿಡಿದು ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬೆಳಕು ಬೀಳಿಸಿ ನೋಡುವ ವಿಧಾನ. ಟಾಮ್ ಮಾಲ್ಝ್‌ಬೆಂಡರ್ ಮತ್ತು ಸಂಗಡಿಗರು ಇದನ್ನು 2001ರಲ್ಲಿಯೇ ಪ್ರಕಟಿಸಿದರು. ಎಲ್ಲವನ್ನೂ ಕೈಯಿಂದ ಹೊಂದಿಸಬಲ್ಲ ಯಾವ ಕ್ಯಾಮೆರಾದಿಂದಲೂ ಇದು ಸಾಧ್ಯ. ನಮ್ಮ ಹಳೆಯದರಿಂದಲೂ.

ಆದ್ದರಿಂದ ಮುಂದಿನ ಸಭೆಯಲ್ಲಿ ನಾನು ತಿದ್ದುಪಡಿಯೊಂದನ್ನು ಮಂಡಿಸುವವನಿದ್ದೇನೆ. ಗರಿಗಳಿಗಾಗಿ ಒಂದು 100 ಎಂಎಂ ಮ್ಯಾಕ್ರೊ ಲೆನ್ಸು. ಎರಡು ಎಲ್ಇಡಿ ದೀಪ, ಅಳತೆಪಟ್ಟಿ, ಬಣ್ಣದ ಪಟ್ಟಿಕೆ. ಮೂರು ಡಿಸ್ಕುಗಳು, ಮೂರು ಊರುಗಳಲ್ಲಿ. ಮಿಕ್ಕ ಹಣದಲ್ಲಿ ಹಳಗನ್ನಡ ಲಿಪಿ ಓದಬಲ್ಲ ತರುಣನೊಬ್ಬನಿಗೆ ಅಥವಾ ತರುಣಿಗೆ ಒಂದು ವರ್ಷದ ಗೌರವಧನ. ಇರುವ ಚಿತ್ರಗಳಿಗೆಲ್ಲ ಊರು, ದಿನಾಂಕ, ಪಾಠಗಳನ್ನು ಬರೆಯುವುದೇ ಅವರ ಮೊದಲ ಕೆಲಸ. ಶಟರ್ ಕೆಟ್ಟು ಬಿಡಿಭಾಗ ಸಿಗದ ದಿನ ಬಂದರೆ, ಅಥವಾ ಆ ತರುಣ ಒಂದು ವರ್ಷದ ಕೆಲಸ ತೋರಿಸಿ ಇಂಥ ಅಕ್ಷರ ಈ ಕ್ಯಾಮೆರಾದಲ್ಲಿ ಮೂಡುತ್ತಿಲ್ಲವೆಂದು ಸಿದ್ಧಪಡಿಸಿದರೆ, ಹೊಸದಕ್ಕೆ ನನ್ನ ಮತವೂ ಸೇರಲಿ.

ಕೆರೆ ಏರಿಯ ಕಲ್ಲಿನ ಏಳು ಸಾಲುಗಳಲ್ಲಿ ನಾಲ್ಕನೆಯದರಿಂದ ಆರನೆಯದರವರೆಗೆ ಅಂದು ಸರಿಯಾಗಿ ಮೂಡಲಿಲ್ಲ. ಆ ಭಾಗದ ಗೀಟುಗಳು ಇಳಿಬಿಸಿಲಿನ ದಿಕ್ಕಿಗೇ ಹಾಯ್ದಿವೆ, ನೆರಳು ನಿಲ್ಲುವುದಿಲ್ಲ. ಕತ್ತಲಾದ ಮೇಲೆ ಉತ್ತರದ ಕಡೆಯಿಂದ ದೀಪ ಹಿಡಿದು ನೋಡಬೇಕೆಂದು ಹುಡುಗನೇ ಹೇಳಿದ್ದಾನೆ. ಮುಂದಿನ ಭಾನುವಾರ ನಾವಿಬ್ಬರೂ ಹೋಗುತ್ತಿದ್ದೇವೆ. ಕ್ಯಾಮೆರಾ ಅದೇ, ದೀಪ ನಮ್ಮ ಮನೆಯದು.